ಶೂ, ಕಾಲು ಮತ್ತು ಸವಕಳಿ

ನಮ್ಮ ಕಥೆ ಪುರಾಣಗಳಲ್ಲಿ ಪಾದರಕ್ಷೆಗೆ ಸಣ್ಣ ಸ್ಥಾನವೇನೂ ಇಲ್ಲ. ಭರತ ಹದಿನಾಲ್ಕು ವರ್ಷ ಸಿಂಹಾಸನದ ಮೇಲೆ ಇಟ್ಟು ಪೂಜಿಸಿದ್ದು ಅಣ್ಣನ ಪಾದುಕೆಗಳನ್ನು. ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿ ತಂದರು, ಬಸವಣ್ಣನವರು ಅದನ್ನು ಮೆಟ್ಟಲಾರದೆ ತಲೆಯ ಮೇಲೆ ಹೊತ್ತರು ಎಂಬ ಕಥೆಯನ್ನು ಶಾಲೆಯಲ್ಲಿ ಕೇಳಿ ಬೆಳೆದವರು ನಾವು. ಒಂದು ಜೊತೆ ಸಿಂಹಾಸನ ಏರಿತು, ಇನ್ನೊಂದು ಜೊತೆ ತಲೆ ಏರಿತು. ಆದರೆ ಅವು ಕಾಲಿಗೆ ಹಿತವಾಗಿದ್ದುವೋ, ಹಿಮ್ಮಡಿಯನ್ನು ಕಚ್ಚುತ್ತಿದ್ದುವೋ ಎಂಬ ಮಾತನ್ನು ಆ ಕಥೆಗಳು ಎತ್ತುವುದಿಲ್ಲ. ಮೆಟ್ಟಿ ಓಡುವವನಿಗೆ ಬೇಕಾದ್ದು ಆ ಮಾತೇ!

ಸಂಘದ ಕಾರ್ಯದರ್ಶಿಗಳು "ಒಂದು ಕವನ ಕೊಡಪ್ಪಾ" ಎಂದು ಬೆನ್ನು ಹತ್ತಿದ್ದರು. ನಾನು ಬಿ.ಕಾಂ. ಓದುವವನು. ಜಮಾ ಖರ್ಚಿನ ಎರಡು ಕಾಲಂ ಬಿಟ್ಟರೆ ಬೇರೆ ದ್ವಿಪದಿ ನನಗೆ ಬಾರದು. ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿರುವ ಒಂದೇ ವಸ್ತುವಿನ ಬಗ್ಗೆ ಬರೆಯುತ್ತೇನೆ. ಟೆನಿಸ್ ಶೂ.

ನಗಬೇಡಿ. ಟೆನಿಸ್ ಅಂದರೆ ದೊಡ್ಡವರ ಶೋಕಿ, ಇವನಿಗೆಲ್ಲಿಂದ ಬಂತು ಅಂತ ನಿಮಗೆ ಅನ್ನಿಸಬಹುದು. ನನಗೆ ಅದು ಶೋಕಿ ಅಲ್ಲ, ಸಂಬಳ. ನನ್ನ ಮಾವ (ತಾಯಿಯ ಅಣ್ಣ) ಮುಂಬಯಿಯ ಒಂದು ಕ್ಲಬ್ಬಿನ ಕ್ಯಾಂಟೀನಿನಲ್ಲಿ ಅಡಿಗೆ ಭಟ್ಟರು. ಕುಂದಾಪುರ ಕಡೆಯಿಂದ ಬಂದು ಮೂವತ್ತು ವರ್ಷ ಆಯಿತು. ನಾನು ಹತ್ತು ವರ್ಷದವನಿದ್ದಾಗ ಶಾಲೆ ಬಿಟ್ಟ ಮೇಲೆ ಅವರ ಜೊತೆ ಕ್ಲಬ್ಬಿಗೆ ಹೋಗಿ ಚೆಂಡು ಹೆಕ್ಕುವ ಹುಡುಗನಾದೆ. ಹೆಕ್ಕುತ್ತ ಹೆಕ್ಕುತ್ತ ಹೊಡೆಯುವುದನ್ನೂ ಕಲಿತೆ. ಈಗ ಅಲ್ಲಿ ಮಾರ್ಕರ್. ಅಂದರೆ, ಜೊತೆಗಾರ ಸಿಗದ ಮೆಂಬರಿಗೆ ಜೊತೆಗಾರನಾಗಿ ಆಡುವವನು. ಬೆಳಗ್ಗೆ ಆರರಿಂದ ಎಂಟು. ಹನ್ನೊಂದಕ್ಕೆ ಕಾಲೇಜು. ತಿಂಗಳಿಗೆ 25 ದಿನ, 7,000 ರೂಪಾಯಿ. ಆಡಿದ ದಿನಕ್ಕೆ ಮಾತ್ರ ಕೂಲಿ.

ಮಾರ್ಕರನ ಆಟಕ್ಕೂ ಆಟಗಾರನ ಆಟಕ್ಕೂ ಒಂದು ವ್ಯತ್ಯಾಸ ಇದೆ. ಆಟಗಾರ ತನಗೆ ಎಟುಕದ ಚೆಂಡನ್ನು ಬಿಟ್ಟುಬಿಡಬಹುದು. ಮಾರ್ಕರ್ ಬಿಡುವ ಹಾಗಿಲ್ಲ. ಸಾಹೇಬರು ಎಲ್ಲಿ ಹೊಡೆದರೂ ಅವನು ಅಲ್ಲಿಗೆ ಓಡಿ, ಅದನ್ನು ಅವರ ಕೈಗೆ ಸಿಗುವ ಹಾಗೆ ವಾಪಸು ಕೊಡಬೇಕು. ಸಿಂಗಲ್ಸ್ ಅಂಗಳದ ಅಗಲ 27 ಅಡಿ. ಆ ಇಪ್ಪತ್ತೇಳು ಅಡಿಯಲ್ಲಿ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಈ ಅಡ್ಡ ಓಟವೇ ಟೆನಿಸಿನ ಮರ್ಮ. ಶೂವಿನ ಮರ್ಮವೂ ಅದೇ.

ನನ್ನ ಮೊದಲ ಶೂ ನಿಮ್ಮೆಲ್ಲರದೂ ಆಗಿರಬಹುದಾದ ಬಿಳಿ ಕ್ಯಾನ್ವಾಸ್ ಶೂ. ಮುನಿಸಿಪಾಲಿಟಿ ಕನ್ನಡ ಶಾಲೆಯ ಡ್ರಿಲ್ಲಿಗೆ ಕೊಡಿಸಿದ್ದು. ಆಗಸ್ಟ್ 15, ಜನವರಿ 26ರ ಹಿಂದಿನ ರಾತ್ರಿ ಅದನ್ನು ತೊಳೆದು, ಒಣಗದಿದ್ದರೆ ಶಾಲೆಯ ಚಾಕ್‌ಪೀಸ್ ಉಜ್ಜಿ ಬೆಳ್ಳಗೆ ಮಾಡಿ ಹೋಗುತ್ತಿದ್ದೆವು. ಅದರ ಅಟ್ಟೆ ಒಂದು ರಬ್ಬರಿನ ಹಾಳೆ ಅಷ್ಟೆ. ನೆಲದ ಮೇಲಿನ ಕಲ್ಲು ದೊಡ್ಡದೋ ಸಣ್ಣದೋ ಅಂಗಾಲಿಗೆ ಗೊತ್ತಾಗುತ್ತಿತ್ತು. ಹೆಸರು ಮಾತ್ರ ಟೆನಿಸ್ ಶೂ!

ಆ ಹೆಸರಿಗೂ ಒಂದು ಚರಿತ್ರೆ ಇದೆ. ಮೇಜರ್ ವಿಂಗ್‌ಫೀಲ್ಡ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ಲಾನ್ ಟೆನಿಸಿಗೆ ಪೇಟೆಂಟ್ ಪಡೆದದ್ದು 1874ರಲ್ಲಿ. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಅದಕ್ಕೂ ಮೊದಲೇ, 1839ರಲ್ಲಿ, ಚಾರ್ಲ್ಸ್ ಗುಡ್‌ಇಯರನಿಗೆ ಸಿದ್ಧಿಸಿತ್ತು. ಹಿಮ್ಮಡಿ ಎತ್ತರದ ಚರ್ಮದ ಬೂಟು ಹಾಕಿ ಹುಲ್ಲಿನ ಮೇಲೆ ಓಡಿದರೆ ಹುಲ್ಲು ಕಿತ್ತು ಬರುತ್ತದೆ. ಅದಕ್ಕೆ ಸಪಾಟು ರಬ್ಬರ್ ಅಟ್ಟೆಯ ಶೂ ಬಂತು. ಅಂದರೆ ಮೊದಮೊದಲ ಟೆನಿಸ್ ಶೂ ಉಳಿಸಲು ಹೊರಟದ್ದು ಕಾಲನ್ನಲ್ಲ, ಸಾಹೇಬರ ಹುಲ್ಲನ್ನು. ಕಾಲಿನ ಯೋಚನೆ ಬಂದದ್ದು ಬಹಳ ತಡವಾಗಿ. ಫ್ರೆಡ್ ಪೆರಿ 1934, 1935, 1936ರಲ್ಲಿ ಸಾಲಾಗಿ ಮೂರು ಸಲ ವಿಂಬಲ್ಡನ್ ಗೆದ್ದ ಕಾಲ ಕ್ಯಾನ್ವಾಸಿನ ಕಾಲ. ಚರ್ಮದ ಟೆನಿಸ್ ಶೂ ಹೆಸರು ಮಾಡಿದ್ದು 1960ರ ದಶಕದಲ್ಲಿ. ಅಟ್ಟೆಗೂ ಕಾಲಿಗೂ ನಡುವೆ ಮೆತ್ತೆ, ಹಿಮ್ಮಡಿಗೆ ಗಟ್ಟಿ ಬಟ್ಟಲು, ಪಕ್ಕಕ್ಕೆ ಗೋಡೆ... ಇವೆಲ್ಲ ಒಂದೊಂದಾಗಿ ಆಮೇಲೆ ಸೇರಿಕೊಂಡವು.

ಇನ್ನು ನನ್ನ ಕಥೆ. 2024ರ ಮಾರ್ಚಿನಲ್ಲಿ ಒಬ್ಬ ಮೆಂಬರು ತಮ್ಮದೊಂದು ಜೊತೆ ಶೂ ನನಗೆ ಕೊಟ್ಟರು. ದೊಡ್ಡ ಕಂಪೆನಿಯದು, ಹೆಚ್ಚು ಹಾಕಿದ್ದೂ ಅಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತ ಗಾದೆ ಇದೆಯಲ್ಲ? ಹಾಕಿಕೊಂಡೆ. ಆಹಾ! ಹತ್ತಿಯ ಮೂಟೆಯ ಮೇಲೆ ನಡೆದ ಹಾಗೆ. ಆದರೆ ಅದು ಓಡುವ ಶೂ. ಮುಂದಕ್ಕೆ ಓಡುವವರಿಗೆ ಮಾಡಿದ್ದು. ಒಂದು ತಿಂಗಳು, ಅಂದರೆ ನನ್ನ ಡೈರಿಯ ಪ್ರಕಾರ 50 ಗಂಟೆ ಆಡಿದ ಮೇಲೆ, ಏಪ್ರಿಲಿನ ಒಂದು ಬೆಳಗ್ಗೆ ಬಲಗಡೆಯ ಗೆರೆಯ ಹತ್ತಿರದ ಚೆಂಡಿಗೆ ಓಡಿ ನಿಂತೆ. ಶೂ ನಿಂತಿತು. ನಾನು ನಿಲ್ಲಲಿಲ್ಲ. ಮೆತ್ತನೆಯ ಎತ್ತರದ ಅಟ್ಟೆಯ ಹೊರ ಅಂಚಿನ ಮೇಲಿಂದ ಕಾಲು ಹೊರಳಿತು. ಕಾಲಿನ ಗಂಟು ಸಂಜೆಯೊಳಗೆ ತೆಂಗಿನಕಾಯಿ ಆಯಿತು. 17 ದಿನ ಕೂಲಿ ಇಲ್ಲ.

ಶೂ ಒಂದೇ ಕಾರಣ ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಹಿಂದಿನ ರಾತ್ರಿ ಪರೀಕ್ಷೆಗೆ ಓದಿ ನಿದ್ದೆಯೂ ಕಡಿಮೆಯಾಗಿತ್ತು. ಆದರೆ ಆ ಹದಿನೇಳು ದಿನ ಮಂಚದ ಮೇಲೆ ಕಾಲು ಎತ್ತಿಟ್ಟು ಕೂತವನಿಗೆ ಏಳನೆಯ ತರಗತಿಯ ವಿಜ್ಞಾನ ಪುಸ್ತಕ ನೆನಪಿಗೆ ಬಂತು. ಬಸ್ಸು ತಟ್ಟನೆ ನಿಂತರೆ ಪ್ರಯಾಣಿಕ ಮುಂದಕ್ಕೆ ವಾಲುತ್ತಾನೆ, ಇದು ಜಡತ್ವ. ನೆಲ ಮತ್ತು ಟೈರಿನ ನಡುವೆ ಇರುವುದು ಘರ್ಷಣೆ. ಸಿಮೆಂಟಿನ ಮೇಲೆ ಬಣ್ಣ ಬಳಿದ ಹಾರ್ಡ್‌ಕೋರ್ಟಿನಲ್ಲಿ ಘರ್ಷಣೆ ಜಾಸ್ತಿ. ಶೂ ಥಟ್ಟನೆ ನಿಲ್ಲುತ್ತದೆ. ಅರವತ್ತು ಕಿಲೋ ಪ್ರಯಾಣಿಕ ಮಾತ್ರ ಇನ್ನೂ ಬಲಕ್ಕೆ ಹೋಗುತ್ತಿರುತ್ತಾನೆ. ಅವನನ್ನು ಹಿಡಿದು ನಿಲ್ಲಿಸಲು ಒಂದು ಗೋಡೆ ಬೇಕು. ಆ ಗೋಡೆಗೇ ಅಂಗಡಿಯವರು ಸಪೋರ್ಟ್ ಅನ್ನುವುದು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠದ ಮುಂದೆ ತಲೆ ತಗ್ಗಿಸಿ ಕೂರುವ ನಮ್ಮಂಥ ಕನ್ನಡ ಮಾಧ್ಯಮದವರಿಗೆ ಹೇಳುತ್ತೇನೆ: ಕನ್ನಡದಲ್ಲಿ ಕಲಿತ ಜಡತ್ವ, ಘರ್ಷಣೆ ಸುಳ್ಳಾಗಿರಲಿಲ್ಲ. ಶೂ ಅಂಗಡಿಯಲ್ಲಿ ನನಗೆ ಕೆಲಸಕ್ಕೆ ಬಂದದ್ದು ಅವೇ.

ಮೇ ತಿಂಗಳ ಕೊನೆಗೆ ಶೂ ಕೊಳ್ಳಲು ಹೊರಟೆ. ನನ್ನ ಉಳಿತಾಯದ ಜೊತೆಗೆ ಮಾವನ ಹತ್ತಿರ ಎರಡು ಸಾವಿರ ಸಾಲ. "ಎಂತದಾ ಮಾರಾಯ, ಐದು ಸಾವ್ರದ ಶೂವಾ? ಅದ್ರೊಳಗೆ ಎಂತ ಚಿನ್ನ ಇತ್ತಾ?" ಅಂದರು. ಆದರೂ ಕೊಟ್ಟರು. ಒಂದೇ ದಿನದಲ್ಲಿ ಕೊಂಡದ್ದಲ್ಲ. ಮೂರು ಅಂಗಡಿ, ಐದು ಸಾಯಂಕಾಲ. ನಾನು ಮಾಡಿದ ಪರೀಕ್ಷೆಗಳನ್ನು ಇಲ್ಲಿ ಬರೆಯುತ್ತೇನೆ. ಟೆನಿಸ್ ಆಡದವರಿಗೂ ಉಪಯೋಗಕ್ಕೆ ಬಂದೀತು.

ಮೊದಲನೆಯದು, ಹೊತ್ತು. ಸಾಯಂಕಾಲವೇ ಹೋಗಬೇಕು. ದಿನವಿಡೀ ನಡೆದ ಕಾಲು ಸ್ವಲ್ಪ ಊದಿರುತ್ತದೆ, ಆಡುವಾಗಲೂ ಊದುತ್ತದೆ. ಆಡುವಾಗ ಹಾಕುವ ದಪ್ಪ ಕಾಲುಚೀಲವನ್ನೇ ಹಾಕಿ, ನಿಂತು ನೋಡಬೇಕು. ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಉಳಿಯದಿದ್ದರೆ ಪ್ರತಿ ಸಲ ನಿಂತಾಗಲೂ ಬೆರಳು ಮುಂದೆ ಬಡಿದು ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುತ್ತದೆ. ನಮ್ಮ ಕ್ಲಬ್ಬಿನ ಎಲ್ಲ ಮಾರ್ಕರುಗಳಿಗೂ ಒಂದಾದರೂ ಕಪ್ಪು ಉಗುರು ಇದೆ; ಅದು ನಮ್ಮ ಐಡೆಂಟಿಟಿ ಕಾರ್ಡು.

ಎರಡನೆಯದು, ಹಿಮ್ಮಡಿಯ ಬಟ್ಟಲು. ಶೂವಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು. ಮಾಗಿದ ಮಾವಿನಹಣ್ಣಿನಂತೆ ಒಳಗೆ ಹೋದರೆ ಅದು ಹಿಮ್ಮಡಿಯನ್ನು ಹಿಡಿಯುವುದಿಲ್ಲ.

ಮೂರನೆಯದು, ಬಗ್ಗಿಸುವುದು ಮತ್ತು ಹಿಂಡುವುದು. ಶೂವಿನ ತುದಿ ಮತ್ತು ಹಿಮ್ಮಡಿ ಹಿಡಿದು ಬಗ್ಗಿಸಿದರೆ ನಮ್ಮ ಕಾಲು ಎಲ್ಲಿ ಬಗ್ಗುತ್ತದೋ ಅಲ್ಲೇ, ಬೆರಳುಗಳ ಬುಡದಲ್ಲಿ, ಬಗ್ಗಬೇಕು. ನಟ್ಟನಡುವೆ ಮಡಚಿಕೊಂಡರೆ ಅದಕ್ಕೆ ಬೆನ್ನೆಲುಬಿಲ್ಲ. ಆಮೇಲೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚುವುದು. ಸುಲಭವಾಗಿ ತಿರುಚಿಕೊಳ್ಳಬಾರದು. ಇದನ್ನು ನೋಡಿ ಅಂಗಡಿಯ ಹುಡುಗ "ಭಾಯ್, ಖರೀದಿ ಮಾಡುತ್ತೀರೋ ಕುಸ್ತಿ ಮಾಡುತ್ತೀರೋ?" ಅಂತ ಕೇಳಿದ. ಇರಲಿ.

ನಾಲ್ಕನೆಯದು, ಅಗಲ. ಮುಂಭಾಗದ ಹೊರ ಅಂಚಿನಲ್ಲಿ ಅಟ್ಟೆ ಸ್ವಲ್ಪ ಹೊರಕ್ಕೆ ಚಾಚಿರಬೇಕು. ನಮ್ಮ ಕರಾವಳಿಯ ಕಡೆ ದೋಣಿ ಮಗುಚದ ಹಾಗೆ ಪಕ್ಕಕ್ಕೊಂದು ಮರ ಕಟ್ಟುತ್ತಾರಲ್ಲ, ಅದೇ ತತ್ವ. ಕಾಲು ನೆಲಕ್ಕೆ ಹತ್ತಿರ ಇದ್ದಷ್ಟೂ ಹೊರಳುವ ಭಯ ಕಡಿಮೆ.

ಐದನೆಯದು, ಸ್ವಂತ ಅಂಗಾಲಿನ ಪರೀಕ್ಷೆ. ಇದಕ್ಕೆ ಅಂಗಡಿ ಬೇಡ. ಕಾಲು ಒದ್ದೆ ಮಾಡಿ ಒಣ ನೆಲದ ಮೇಲೆ ಇಟ್ಟು ಗುರುತು ನೋಡಿದರೆ ಸಾಕು. ಕೃಷ್ಣಾಷ್ಟಮಿಗೆ ಬಾಗಿಲಿನಿಂದ ದೇವರ ಕೋಣೆಯ ತನಕ ಅಮ್ಮ ಬಿಡಿಸುವ ಕೃಷ್ಣನ ಹೆಜ್ಜೆಗೆ ನಡು ಸಣ್ಣಗಿರುತ್ತದೆ. (ನಿಜವಾದ ಎಳೆಯ ಮಕ್ಕಳ ಅಂಗಾಲು ಚಪ್ಪಟೆಯೇ ಇರುತ್ತದೆ, ಕಮಾನು ಮೂಡುವುದು ಬೆಳೆಯುತ್ತ. ಅಮ್ಮನಿಗೆ ಹೇಳಲು ಹೋಗಲಿಲ್ಲ.) ನನ್ನ ಗುರುತು ಇಟ್ಟಿಗೆಯ ಹಾಗೆ ಬಂತು. ಚಪ್ಪಟೆ ಕಾಲು. ಎಲ್ಲ ಚಪ್ಪಟೆ ಕಾಲೂ ನೋಯುವುದಿಲ್ಲ. ಆದರೆ ಒಳಕ್ಕೆ ವಾಲುವ ನನ್ನ ಕಾಲಿಗೆ ಒಳಪಕ್ಕ ಗಟ್ಟಿ ಇರುವ ಶೂ ಹಾಕಿದಾಗ ಮೊಣಕಾಲಿಗೆ ಹಾಯಾಗಿತ್ತು.

ಹೀಗೆ ಆರಿಸಿ ಕೊಂಡದ್ದು 5,400 ರೂಪಾಯಿಯ ಒಂದು ಜೊತೆ. ಒಂದೊಂದೂ ಸುಮಾರು 400 ಗ್ರಾಂ. ಮೊದಲ ವಾರ ನನಗೆ ಖುಷಿಯಾಗಲಿಲ್ಲ. ದಾನದ ಶೂವಿನ ಮೆತ್ತಗಿನ ಸುಖ ಇದರಲ್ಲಿಲ್ಲ. ಹೊಸ ಮೇಷ್ಟರ ಹಾಗೆ ಬಿಗಿ. ಹಿಮ್ಮಡಿಯಲ್ಲಿ ನೀರುಗುಳ್ಳೆ ಬಂತು. ಲೇಸಿನ ಕೊನೆಯ ತೂತು ಇರುತ್ತದಲ್ಲ, ಯಾರೂ ಉಪಯೋಗಿಸದ್ದು, ಅದರಲ್ಲಿ ಲೇಸನ್ನು ಉಂಗುರದ ಹಾಗೆ ಹಾಯಿಸಿ ಎದುರು ಲೇಸನ್ನು ಆ ಉಂಗುರದೊಳಗೆ ತೂರಿಸಿ ಕಟ್ಟಿದ ಮೇಲೆ ಹಿಮ್ಮಡಿ ಜಾರುವುದು ನಿಂತಿತು. ಗುಳ್ಳೆಯೂ ಮಾಯಿತು. ಎರಡನೆಯ ವಾರದಿಂದ ಒಂದು ವಿಷಯ ಗಮನಕ್ಕೆ ಬಂತು. ಆಟ ಮುಗಿದ ಮೇಲೆ ಕಾಲಿನ ನೆನಪೇ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಹಾಕಿದ ಎರಡು ನಿಮಿಷದ ಸುಖ ಬೇರೆ, ಎರಡು ಗಂಟೆಯ ಕೊನೆಯಲ್ಲಿ ಉಳಿಯುವ ಸುಖ ಬೇರೆ. ಮೆತ್ತಗಿರುವುದೆಲ್ಲ ಆಧಾರ ಅಲ್ಲ. ಇದು ಶೂವಿಗೆ ಮಾತ್ರ ಸಂಬಂಧಿಸಿದ ಮಾತಲ್ಲ ಅನ್ನಿಸುತ್ತದೆ.

ಆಟದಲ್ಲಿ ಏನು ವ್ಯತ್ಯಾಸ? ಮುಂದಕ್ಕೆ ಓಡುವುದರಲ್ಲಿ ಏನೂ ಇಲ್ಲ; ಭಾರದಿಂದ ಒಂದು ಕೂದಲು ನಿಧಾನವೇ ಆದೆ. ಆದರೆ ನಿಂತು ತಿರುಗುವುದರಲ್ಲಿ ಧೈರ್ಯ ಬಂತು. ಹೆದರಿದ ಕಾಲು ಚೆಂಡಿಗೆ ಒಂದು ಹೆಜ್ಜೆ ಮೊದಲೇ ನಿಲ್ಲುತ್ತದೆ. ಹೆದರದ ಕಾಲು ಚೆಂಡಿನ ಹತ್ತಿರ ಹೋಗಿ ನಿಲ್ಲುತ್ತದೆ. ಮಳೆಗಾಲ ಮುಗಿದು ಮಣ್ಣಿನ ಅಂಗಳ ತೆರೆದ ಮೇಲೆ ಲೆಕ್ಕವೇ ಬೇರೆ. ಮಣ್ಣಿನಲ್ಲಿ ಕಾಲು ಜಾರಬೇಕು, ಆದರೆ ನಮ್ಮ ಮಾತು ಕೇಳಿ ಜಾರಬೇಕು. ಅದಕ್ಕೆ ಅಟ್ಟೆಯ ತುಂಬ ಮೀನಿನ ಮುಳ್ಳಿನಂಥ ಗೀರುಗಳಿರುವ ಶೂ ಒಳ್ಳೆಯದು. ಮಣ್ಣು ಹಿಡಿಯುತ್ತದೆ, ಸಿಕ್ಕಿಕೊಳ್ಳದೆ ಉದುರಿಯೂ ಹೋಗುತ್ತದೆ. ಹುಲ್ಲಿಗೆ ಸಣ್ಣ ಸಣ್ಣ ಗುಬುಟುಗಳ ಅಟ್ಟೆ. ಮೂರು ಅಂಗಳಕ್ಕೆ ಮೂರು ಶೂ ಇಡುವುದು ಮೆಂಬರುಗಳ ಮಾತು. ನನ್ನದು ಒಂದೇ ಜೊತೆ, ಎಲ್ಲ ಅಂಗಳಕ್ಕೂ.

ಈಗ ಬಿ.ಕಾಂ. ಪಾಠಕ್ಕೆ ಬರೋಣ. ಯಂತ್ರವೊಂದು ವರ್ಷ ವರ್ಷ ಸವೆದು ಬೆಲೆ ಕಳೆದುಕೊಳ್ಳುವುದನ್ನು ಲೆಕ್ಕಶಾಸ್ತ್ರದಲ್ಲಿ ಸವಕಳಿ ಅನ್ನುತ್ತಾರೆ. ಇಂಗ್ಲಿಷಿನ ಡಿಪ್ರಿಸಿಯೇಶನ್ ಅನ್ನುವಾಗ ಕಣ್ಣಿಗೆ ಏನೂ ಕಾಣುವುದಿಲ್ಲ. ಸವಕಳಿ ಅಂದರೆ ಸವೆದ ಅಟ್ಟೆಯೇ ಕಣ್ಣ ಮುಂದೆ ಬರುತ್ತದೆ. ನೇರ ಲೆಕ್ಕ ಹಾಕಿದೆ. ಹಿಂದಿನ ವರ್ಷ ಆಡಿದ ಕ್ಯಾನ್ವಾಸ್ ಶೂ 600 ರೂಪಾಯಿ, ಬಾಳಿದ್ದು 100 ಗಂಟೆ: ಗಂಟೆಗೆ 6 ರೂಪಾಯಿ. ನನ್ನ ಜೊತೆಯ ಇನ್ನೊಬ್ಬ ಹುಡುಗ ಕೊಂಡ ಹಗುರ ಟೆನಿಸ್ ಶೂ 3,000 ರೂಪಾಯಿ, 150 ಗಂಟೆ: ಗಂಟೆಗೆ 20. ನನ್ನದು ಮೇ ಕೊನೆಯಿಂದ 2025ರ ಜನವರಿವರೆಗೆ, ಮಳೆಗೆ ಆಟ ನಿಂತ ದಿನಗಳನ್ನು ಕಳೆದು, 300 ಗಂಟೆ: ಗಂಟೆಗೆ 18.

ಹಾಗಾದರೆ ಕ್ಯಾನ್ವಾಸೇ ಗೆದ್ದಿತಲ್ಲ! ಬರೀ ಜಮಾಖರ್ಚು ನೋಡುವವನು ಹಾಗೇ ಹೇಳಿಯಾನು. ಆದರೆ ಪುಕ್ಕಟೆ ಬಂದ ಶೂವಿನ ಲೆಕ್ಕ ನೋಡಿ. ಬೆಲೆ ಸೊನ್ನೆ. ಹದಿನೇಳು ದಿನದ ಕೂಲಿ, ದಿನಕ್ಕೆ 280ರಂತೆ, 4,760. ಡಾಕ್ಟರು, ಎಕ್ಸ್‌ರೇ, ಪಟ್ಟಿ ಸೇರಿ 1,150. ಒಟ್ಟು 5,910. ಆಡಿದ್ದು 50 ಗಂಟೆ. ಗಂಟೆಗೆ 118 ರೂಪಾಯಿ ಚಿಲ್ಲರೆ! ಎಲ್ಲಕ್ಕಿಂತ ದುಬಾರಿ ಶೂ ಅಂದರೆ ಪುಕ್ಕಟೆ ಶೂ.

ಶೂ ಸವೆಯುವ ರೀತಿಯಲ್ಲೂ ಒಂದು ಮೋಸ ಇದೆ. ಕೆಳಗಿನ ರಬ್ಬರು ಸವೆದದ್ದು ಕಣ್ಣಿಗೆ ಕಾಣುತ್ತದೆ. ನಡುವಿನ ಮೆತ್ತೆ ಸತ್ತದ್ದು ಕಾಣುವುದಿಲ್ಲ. ಬೆಳಗ್ಗಿನ ಇಡ್ಲಿಯನ್ನು ಬೆರಳಿನಿಂದ ಒತ್ತಿದರೆ ಎದ್ದು ಬರುತ್ತದೆ. ರಾತ್ರಿಗೆ ಉಳಿದ ಇಡ್ಲಿ ಒತ್ತಿದ ಗುಳಿಯಲ್ಲೇ ಕೂತಿರುತ್ತದೆ. ಮೆತ್ತೆಯೂ ಹಾಗೆ. ಕೆಲವು ಕಂಪೆನಿಗಳು ಕೆಲವು ಮಾದರಿಗಳ ಅಟ್ಟೆಗೆ 6 ತಿಂಗಳ ಖಾತರಿ ಕೊಡುತ್ತವೆ. ಆದರೆ ಮೆತ್ತೆ ಅದಕ್ಕೂ ಮೊದಲೇ ಕಣ್ಣು ಮುಚ್ಚಬಹುದು. ಅಟ್ಟೆ ಚೆನ್ನಾಗಿದ್ದರೂ ಆಟದ ಮಾರನೆಯ ದಿನ ಮೊಣಕಾಲು ನೋಯಲು ಶುರುವಾದರೆ ಶೂವಿನ ಆಯುಸ್ಸು ಮುಗಿಯಿತು ಅಂತ ತಿಳಿಯಬೇಕು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಮಾರ್ಕರ್ ಒಬ್ಬರು ಇದ್ದಾರೆ. ಕೊಂಕಣದವರು. ನಾವೆಲ್ಲ ಕಾಕಾ ಅನ್ನುತ್ತೇವೆ. ಮೂವತ್ತೈದು ವರ್ಷ ಕ್ಯಾನ್ವಾಸ್ ಶೂವಿನಲ್ಲೇ ಆಡಿದವರು. ಅವರ ಕೈ ಇವತ್ತಿಗೂ ಬಂಗಾರ. ಚೆಂಡನ್ನು ಒಂದು ಕರವಸ್ತ್ರದ ಮೇಲೆ ಬೀಳಿಸಬಲ್ಲರು. ಆದರೆ ಮೊಣಕಾಲು ಎರಡೂ ಹೋಗಿವೆ. ಮೆಟ್ಟಿಲು ಇಳಿಯುವಾಗ ಅಡ್ಡಡ್ಡ ಇಳಿಯುತ್ತಾರೆ. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೆಯ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಕಾಕಾ ಅದನ್ನು ಫೋನಿನಲ್ಲಿ ನೋಡುತ್ತ ಕೂತಿದ್ದರು. ನೋಡುತ್ತಿದ್ದದ್ದು ಚೆಂಡನ್ನಲ್ಲ, ಬೋಪಣ್ಣನವರ ಕಾಲುಗಳನ್ನು. ತಮ್ಮ ಮೊಣಕಾಲುಗಳಲ್ಲಿ ಮೃದ್ವಸ್ಥಿಯೇ ಉಳಿದಿಲ್ಲ ಎಂದು ಬೋಪಣ್ಣನವರು ಹೇಳಿಕೊಂಡದ್ದಿದೆ. ಅವರನ್ನು ನಿಲ್ಲಿಸಿದ್ದು ಬರೀ ಶೂ ಅಲ್ಲ, ಅಯ್ಯಂಗಾರ್ ಯೋಗವೂ ಹೌದು. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ, 1937ರಲ್ಲಿ ಪುಣೆಗೆ ಬಂದು ನೆಲಸಿದ ನಮ್ಮ ಬಿ.ಕೆ.ಎಸ್. ಅಯ್ಯಂಗಾರ್ಯರ ಯೋಗ. ಹಾಗಾಗಿ ಶೂವೇ ಸರ್ವಸ್ವ ಅಂತ ನಾನು ಹೇಳುವುದಿಲ್ಲ. ಗೋಡೆ ಎಷ್ಟು ಗಟ್ಟಿ ಇದ್ದರೂ ಒಳಗಿನ ಕಂಬವೂ ಗಟ್ಟಿ ಇರಬೇಕು. ಈಗ ದಿನಾ ಹಲ್ಲುಜ್ಜುವಾಗ ಒಂದು ಕಾಲಿನ ಮೇಲೆ ನಿಲ್ಲುತ್ತೇನೆ. ಚಾಳಿನ ಹುಡುಗರು ಕೊಕ್ಕರೆ ಅನ್ನುತ್ತಾರೆ. ಅನ್ನಲಿ.

ಕಾಕಾ ಒಂದು ದಿನ ನನ್ನ ಶೂ ಕೈಯಲ್ಲಿ ಹಿಡಿದು, ಹಿಮ್ಮಡಿ ಒತ್ತಿ, ತಿರುಚಿ, ಸುಮ್ಮನೆ ಕೆಳಗಿಟ್ಟರು. "ನಮ್ಮ ಕಾಲಕ್ಕೆ ಇದು ಇರಲಿಲ್ಲ ಮಗಾ" ಅನ್ನಲಿಲ್ಲ. ಇತ್ತು. ಅವರ ಎದುರಿಗೇ ಮೆಂಬರುಗಳ ಕಾಲಲ್ಲಿ ಇತ್ತು. ಯಂತ್ರದ ಸವಕಳಿಗೆ ಕಂಪೆನಿ ಪ್ರತಿ ವರ್ಷ ದುಡ್ಡು ತೆಗೆದಿಡುತ್ತದೆ. ಮನುಷ್ಯನ ಮೊಣಕಾಲಿಗೆ ಯಾವ ಪುಸ್ತಕದಲ್ಲೂ ಒಂದು ಕಾಲಂ ಇಲ್ಲ.

ಇದೆಲ್ಲ ಗೊತ್ತಾದ ಮೇಲೆ ನನ್ನ ಕಣ್ಣು ಕ್ಯಾಂಟೀನಿನ ಕಡೆ ಹೋಯಿತು. ಮಾವ ದಿನಕ್ಕೆ ಹನ್ನೆರಡು ಗಂಟೆ ಕಲ್ಲಿನ ನೆಲದ ಮೇಲೆ ಸವೆದ ಹವಾಯಿ ಚಪ್ಪಲಿಯಲ್ಲಿ ನಿಂತಿರುತ್ತಾರೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮುಳ್ಳು ಹೊಕ್ಕ ಹಾಗೆ. ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಎಷ್ಟು ವರ್ಷದಿಂದ ಎನ್ನುತ್ತಿದ್ದರೋ! ಸಾಲ ತೀರಿಸಿದ ದಿನ "ಮಾವ, ನಿಮಗೂ ಒಂದು ಜೊತೆ ನೋಡುವ" ಅಂದೆ. "ಅಡಿಗೆ ಮನೆಗೆ ಶೂ ಹಾಕ್ಕಂಡ್ ಹೋಪುದಾ? ಅನ್ನ ಬೇಯಿಸು ಜಾಗ ಮಾರಾಯ!" ಅಂತ ಬೈದರು. ವಾದ ಮಾಡಲಿಲ್ಲ. ಒಲೆಯ ಮುಂದೆ ಅವರು ನಿಲ್ಲುವ ಜಾಗಕ್ಕೆ ಒಂದು ದಪ್ಪ ರಬ್ಬರ್ ಮ್ಯಾಟ್ ತಂದು ಹಾಸಿದೆ. ನೆಲಕ್ಕೆ ಹಾಸಿದ್ದಕ್ಕೆ ಮಡಿಯ ತಕರಾರು ಬರಲಿಲ್ಲ. ಮನೆಯಿಂದ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಕ್ಲಬ್ಬಿಗೆ ನಡೆಯಲು ಮಾತ್ರ ಹಿಮ್ಮಡಿ ಗಟ್ಟಿ ಇರುವ ಸ್ಯಾಂಡಲ್ ಹಾಕಿಕೊಳ್ಳಲು ಒಪ್ಪಿದ್ದಾರೆ. ಈಗ ಹೇಗಿದೆ ಅಂತ ಕೇಳಿದರೆ "ಅಡ್ಡಿಲ್ಲೆ" ಅನ್ನುತ್ತಾರೆ. ಕುಂದಾಪುರದವರ ಬಾಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಇಲ್ಲ.

ಮನೆಯ ಕಪಾಟಿನಲ್ಲಿ ಈಗ ಎರಡು ಹಾರ್ಲಿಕ್ಸ್ ಬಾಟಲಿಗಳಿವೆ. ಒಂದರಲ್ಲಿ ನನ್ನ ಮುಂದಿನ ಶೂವಿಗೆ ತಿಂಗಳಿಗೆ 900 ರೂಪಾಯಿ ಹಾಕುತ್ತೇನೆ. ಅದರ ಮೇಲೆ "ಸವಕಳಿ ನಿಧಿ" ಅಂತ ಚೀಟಿ ಅಂಟಿಸಿದ್ದೇನೆ. ಇನ್ನೊಂದಕ್ಕೆ ಆದಾಗ ಇನ್ನೂರು, ಮುನ್ನೂರು. ಅದರ ಮೇಲಿನ ಚೀಟಿಯಲ್ಲಿ ಮಾವನ ಹೆಸರಿದೆ.